ಐನ್ ಖಾಲಿದ್‌ನ ಅಂಟಾರ್ಟಿಕಾ

ಜೂನ್ ತಿಂಗಳಲ್ಲಿ ದೋಹಾದಲ್ಲಿ ಯಾರಾದರೂ ಚಳಿಯ ಮಾತಾಡಿದರೆ ಅವರ ತಲೆ ಕೆಟ್ಟಿದೆ ಎಂದುಕೊಳ್ಳಬೇಕು, ಇಲ್ಲವೇ ಅವರು ನಮ್ಮ ಯತಿರಾಜ್ ಆಗಿರಬೇಕು. ಮೈಸೂರಿನವರು, ಇಲ್ಲಿನ ಐನ್ ಖಾಲಿದ್ ಬಡಾವಣೆಯಲ್ಲಿ ನಮ್ಮ ಪಕ್ಕದ ಮನೆ. ಪಕ್ಕದ ಮನೆ ಎಂದರೆ, ಮಾಲೀಕ ಒಂದೇ ವಿಲ್ಲಾದೊಳಗೆ ಗೋಡೆ ಎಬ್ಬಿಸಿ ನಾಲ್ಕೈದು ಸಂಸಾರ ತುಂಬಿಸಿದ್ದಾನೆ. ಅವರು ಒಗ್ಗರಣೆ ಹಾಕಿದರೆ ನಾವು ಸೀನುತ್ತೇವೆ.

ಇಲ್ಲಿಗೆ ಬರುವ ಮೊದಲು ಅವರು ಅಂಟಾರ್ಟಿಕಾದ ಭಾರತೀಯ ಠಾಣೆಯಲ್ಲಿ ಜನರೇಟರ್ ನೋಡಿಕೊಳ್ಳುವ ಎಂಜಿನಿಯರ್ ಆಗಿ ಒಂದು ಪೂರ್ತಿ ಚಳಿಗಾಲ ಕಳೆದಿದ್ದರು. ಸೂರ್ಯನೇ ಹುಟ್ಟದ ವಾರಗಳು, ಬಾಗಿಲು ತೆರೆದರೆ ಉಸಿರು ಕಟ್ಟಿಸುವ ಗಾಳಿ, ಬೆಳಗಿಂದ ರಾತ್ರಿವರೆಗೆ ಅವೇ ಮುಖಗಳು. ಈಗ ಇಲ್ಲಿ ಕೊಳವೆಯಲ್ಲಿ ತಣ್ಣೀರು ಹರಿಸಿ ದೊಡ್ಡ ಕಟ್ಟಡಗಳನ್ನು ತಂಪಾಗಿಡುವ ಪ್ಲಾಂಟಿನಲ್ಲಿ ಕೆಲಸ. ಅಲ್ಲಿ ಜನರನ್ನು ಬೆಚ್ಚಗಿಟ್ಟರು, ಇಲ್ಲಿ ತಣ್ಣಗಿಡುತ್ತಾರೆ. ಎರಡೂ ಒಂದೇ ಎಂಬುದು ಅವರ ವಾದ.

"ಯೋಚನೆ ಮಾಡಿ ಇರ್ಷಾದ್ ಭಾಯ್," ಎಂದಿದ್ದರು ಒಮ್ಮೆ. "ಹೊರಗೆ ಕಾಲಿಡೋ ಹಾಗಿಲ್ಲ. ಕಿಟಕಿ ತೆಗೆಯೋ ಹಾಗಿಲ್ಲ. ಮೆಷಿನ್ ನಿಂತರೆ ಖಲಾಸ್. ಇದು ಅಂಟಾರ್ಟಿಕಾ ಅಲ್ದೆ ಇನ್ನೇನು?"

ನಾನು ಪುತ್ತೂರಿನವನು, ಇಲ್ಲಿ ಓಲ್ಡ್ ಏರ್‌ಪೋರ್ಟ್ ಎಂಬ ಬಡಾವಣೆಯಲ್ಲಿ ದಿನಸಿ ಅಂಗಡಿ ಇಟ್ಟಿದ್ದೇನೆ. "ಅಲ್ಲಿ ಪೆಂಗ್ವಿನ್ ಉಂಟು, ಇಲ್ಲಿ ನಾವು ಉಂಟು. ಅಷ್ಟೇ ವ್ಯತ್ಯಾಸ ಮಾರಾಯ್ರೆ," ಎಂದೆ. ಅವರು ನಗಲಿಲ್ಲ.

ಅಲ್ಲಿ ಕಲಿತ ಶಿಸ್ತನ್ನು ಅವರು ಪೆಟ್ಟಿಗೆಯಲ್ಲಿ ತುಂಬಿಕೊಂಡೇ ಬಂದಿದ್ದರು. ರಜೆಯ ದಿನವೂ ಶೇವ್ ಆಗಬೇಕು. ಊಟ ಮೇಜಿನಲ್ಲೇ ಆಗಬೇಕು, ಟೀವಿಯ ಮುಂದೆ ಅಲ್ಲ. ಗೊಣಗಬಾರದು. ಇವೆಲ್ಲಕ್ಕಿಂತ ದೊಡ್ಡ ನಿಯಮವೆಂದರೆ, ಯಾರಾದರೂ ಮಂಕಾಗಿ ಕೂತರೆ ಏಕೆಂದು ಕೇಳಬಾರದು. ಮುಚ್ಚಿದ ಜಾಗದಲ್ಲಿ ಒಬ್ಬನ ದುಃಖ ನೆಗಡಿಯ ಹಾಗೆ ಎಲ್ಲರಿಗೂ ಅಂಟುತ್ತದಂತೆ. ಬಿಟ್ಟುಬಿಟ್ಟರೆ ತಾನಾಗಿ ಸರಿಹೋಗುತ್ತದಂತೆ. ತಾವೆಲ್ಲ ಹುಚ್ಚು ಹಿಡಿಯದೆ ವಾಪಸು ಬಂದದ್ದು ಇದರಿಂದಲೇ ಎಂದು ಅವರು ನಂಬಿದ್ದರು. ಇರಬಹುದು. ನಮ್ಮಲ್ಲಿ ಅಲ್ಲಿಗೆ ಹೋಗಿ ನೋಡಿದವರು ಬೇರೆ ಯಾರೂ ಇಲ್ಲ, ಹೂಂ ಎನ್ನುವುದಷ್ಟೇ ನಮ್ಮ ಕೆಲಸ.

ಇಂಥ ಮನೆಗೆ ಮದುವೆಯಾಗಿ ಬಂದವರು ಜಾಹ್ನವಿ. ಮೈಸೂರಿನಲ್ಲಿ ಮಕ್ಕಳಿಗೆ ಈಜು ಕಲಿಸುತ್ತಿದ್ದ ಹುಡುಗಿ. ಈಜುಕೊಳದ ಈ ತುದಿಯಲ್ಲಿ ಕೂಗಿದರೆ ಆ ತುದಿಗೆ ಮುಟ್ಟುವ ದನಿ. ಬಂದ ಹೊಸದರಲ್ಲಿ ಗೋಡೆಯಾಚೆ ಅವರು ನಕ್ಕರೆ ಈಚೆ ನನ್ನ ಹೆಂಡತಿ ನಶೀದಾ ಕಾರಣವೇ ಗೊತ್ತಿಲ್ಲದೆ ನಗುತ್ತಿದ್ದಳು. ಜಾಹ್ನವಿಗೆ ಇಲ್ಲಿ ಕೆಲಸ ಸಿಗಲಿಲ್ಲ. ಕಾರು ಗಂಡನ ಜೊತೆ ಹೋಗುತ್ತಿತ್ತು. ಬೇಸಿಗೆಯಲ್ಲಿ ನಡೆದು ಹೋಗುವ ಮಾತೇ ಇಲ್ಲ. ಮೊದಲು ನಗು ನಿಂತಿತು, ಆಮೇಲೆ ಮಾತು. ಮೂರನೆಯ ವರ್ಷದ ಹೊತ್ತಿಗೆ ಗೋಡೆಯಾಚೆಯಿಂದ ಎಸಿಯ ಸದ್ದು ಮಾತ್ರ ಕೇಳುತ್ತಿತ್ತು.

ಜೂನ್ ಇಪ್ಪತ್ತೊಂದು ಅಂಟಾರ್ಟಿಕಾದಲ್ಲಿ ನಡುಚಳಿಗಾಲವಂತೆ, ಅಲ್ಲಿ ಉಳಿದವರೆಲ್ಲ ಆ ದಿನ ಹಬ್ಬದೂಟ ಮಾಡುತ್ತಾರಂತೆ. ಯತಿರಾಜ್ ಇಲ್ಲಿಯೂ ಅದನ್ನು ಬಿಟ್ಟವರಲ್ಲ. ಎಸಿ ಹದಿನಾರಕ್ಕೆ ಇಳಿಸಿ, ಸ್ವೆಟರ್ ಹಾಕಿಕೊಂಡು ಬನ್ನಿ ಎಂದು ನಮ್ಮನ್ನು ಕರೆಯುತ್ತಿದ್ದರು. ಕತಾರಿಗೆ ಸ್ವೆಟರ್ ಯಾರು ತರುತ್ತಾರೆ? ನಾನು ನಶೀದಾಳ ಶಾಲು ಹೊದ್ದು, ಹೊರಗಿನ ಬೆಂಕಿಯಲ್ಲಿ ನಾಲ್ಕು ಹೆಜ್ಜೆ ಬೆವರಿ, ಒಳಗೆ ಹೋಗಿ ನಡುಗುತ್ತಾ ಬಿಸಿಬೇಳೆ ಭಾತ್ ತಿನ್ನುತ್ತಿದ್ದೆ. ಆ ಮೂರನೆಯ ವರ್ಷ ಜಾಹ್ನವಿ ಬಡಿಸಿದರು, ತಾವು ಕೂರಲಿಲ್ಲ. ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ನಶೀದಾ ಏಳಲು ಹೋದರೆ ಯತಿರಾಜ್ ಕೈಸನ್ನೆಯಲ್ಲೇ ತಡೆದರು.

"ಇದಕ್ಕೆ ಥರ್ಡ್ ಕ್ವಾರ್ಟರ್ ಅಂತಾರೆ," ಎಂದು ದನಿ ತಗ್ಗಿಸಿ ವಿವರಿಸಿದರು. "ಅರ್ಧ ಅವಧಿ ದಾಟಿದ ಮೇಲೆ ಎಲ್ಲರೂ ಹೀಗೇ ಕುಗ್ಗೋದು. ಬಂದಾಗಿನ ಉತ್ಸಾಹ ಮುಗಿದಿರುತ್ತೆ, ವಾಪಸ್ ಹೋಗೋ ದಿನ ಇನ್ನೂ ದೂರ ಇರುತ್ತೆ. ನಾನು ಏನೂ ಕೇಳೋಕೆ ಹೋಗಿಲ್ಲ. ತಾನಾಗೇ ಸರಿಹೋಗುತ್ತೆ."

ನಶೀದಾ ಪಾಯಸದ ಬಟ್ಟಲು ಕುಕ್ಕಿದಳು. "ಅಲ್ಲಿ ನಿಮ್ಮನ್ನು ಕರ್ಕೊಂಡು ಹೋಗ್ಲಿಕ್ಕೆ ಹಡಗು ಬರ್ತಿತ್ತಲ್ಲ ಸರ್? ಈ ಹುಡುಗಿಗೆ ಯಾವಾಗ ಬರ್ತದೆ?"

ಯತಿರಾಜ್ ತಮ್ಮ ಬಟ್ಟಲನ್ನು ಹತ್ತಿರಕ್ಕೆ ಎಳೆದುಕೊಂಡರು. "ಅದು ಬೇರೆ ವಿಷಯ," ಎಂದು ಹೇಳಿ ಪಾಯಸ ಮುಗಿಸಿದರು.

ಹಡಗಿನ ಬದಲು ವಿಮಾನ ಬಂತು. ಶಾಲೆಗೆ ರಜೆ ಸಿಕ್ಕ ಕೂಡಲೇ ಇಲ್ಲಿನ ಹೆಂಗಸರು, ಮಕ್ಕಳು ಊರಿಗೆ ಹಾರುವುದು, ಗಂಡಸರು ಹಿಂದೆ ಉಳಿದು ಮೊಟ್ಟೆ ಬೇಯಿಸಿಕೊಳ್ಳುವುದು ವರ್ಷವರ್ಷದ ಪದ್ಧತಿ. ನಮಗೆ ಸಮ್ಮರ್ ಬ್ಯಾಚುಲರ್ಸ್ ಎಂದು ಹೆಸರು. ಹೆಸರಿನಲ್ಲಿರುವ ಮಜಾ ಬದುಕಿನಲ್ಲಿಲ್ಲ. ನಶೀದಾ ಹೋದಳು, ಜಾಹ್ನವಿಯೂ ಹೋದರು. ಬೇಸಿಗೆಯಲ್ಲಿ ಪ್ಲಾಂಟಿಗೆ ಉಸಿರಾಡಲು ಬಿಡುವಿರುವುದಿಲ್ಲ, ಹಾಗಾಗಿ ಆ ಕಾಲದಲ್ಲಿ ರಜೆ ಕೇಳಬಹುದು ಎಂದು ಯತಿರಾಜ್‌ಗೆ ಯಾವ ವರ್ಷವೂ ಹೊಳೆದಿರಲಿಲ್ಲ.

ನಮ್ಮ ಕನ್ನಡ ಕೂಟದವರಿಗೆ ಮಾತ್ರ ಒಂದು ಘನವಾದ ಯೋಚನೆ ಹೊಳೆಯಿತು. ಉಳಿದುಹೋದ ಗಂಡಸರಿಗೆ ಒಂಟಿತನ ನಿಭಾಯಿಸುವ ಬಗೆಯ ಮೇಲೆ ಯತಿರಾಜರ ಉಪನ್ಯಾಸ. ಹಾಲ್ ತುಂಬಿತ್ತು, ಊಟವಿದೆ ಎಂದು ಮೊದಲೇ ತಿಳಿಸಿದ್ದರು. ಹಿಮದ ಚಿತ್ರಗಳು ಮುಗಿದ ಮೇಲೆ ಬಜ್ಪೆಯ ಯೂಸ್ಟೇಸ್ ಎದ್ದು ನಿಂತ. "ಸರ್, ಹೆಂಡತಿಗೆ ಎಷ್ಟು ಸಲ ಫೋನ್ ಮಾಡುವುದು ಒಳ್ಳೇದು?"

"ವಾರಕ್ಕೊಂದು ಸಲ ಸಾಕು," ಎಂದರು ಯತಿರಾಜ್. "ಜಾಸ್ತಿ ಮಾಡಿದ್ರೆ ಮನಸ್ಸು ಇಲ್ಲೂ ಇರಲ್ಲ, ಅಲ್ಲೂ ಇರಲ್ಲ."

ಆ ದಿನದ ದೊಡ್ಡ ಚಪ್ಪಾಳೆ ಅದಕ್ಕೇ ಬಿತ್ತು. ಇದನ್ನು ಬರೆದು ಸಹಿ ಹಾಕಿ ಕೊಡಬಹುದೇ ಎಂದು ಹಿಂದಿನ ಸಾಲಿನಿಂದ ಯಾರೋ ಕೇಳಿದರು.

ಆಗಸ್ಟ್ ನಡುವಿಗೆ ಎಲ್ಲರ ಮನೆಯವರ ವಾಪಸು ಟಿಕೆಟ್ ಆಗಿತ್ತು. ನಶೀದಾಳ ಟಿಕೆಟ್ ಮಾಡಿಸಿ ಫೋನ್ ಮಾಡಿದರೆ ಅವಳು ಬೇರೆಯೇ ಸುದ್ದಿ ಹೇಳಿದಳು. "ಜಾಹ್ನವಿ ಬರುದಿಲ್ಲ ಕಾಣ್ತದೆ. ಮೈಸೂರಲ್ಲಿ ಪುನಃ ಈಜು ಕಲಿಸ್ಲಿಕ್ಕೆ ಶುರು ಮಾಡಿದ್ದಾಳೆ. ಯಾವಾಗ ಬರ್ತೀ ಅಂತ ಯತಿರಾಜ್ ಸರ್ ಒಮ್ಮೆಯೂ ಕೇಳ್ಲಿಲ್ಲಂತೆ. ಅವರಿಗೆ ತಾನು ಬೇಡ ಅಂತಲೇ ಇರ್ಬೇಕು ಅಂತ ಎಣಿಸಿದ್ದಾಳೆ ಪಾಪ."

ನನಗೆ ಸಿಟ್ಟು ಬಂತು. ಸಿಟ್ಟು ಬಂದರೆ ಊಟಕ್ಕೆ ಕರೆದು ಬೈಯುವುದು ನನ್ನ ರೂಢಿ. ಶುಕ್ರವಾರ ಜುಮಾ ನಮಾಜು ಮುಗಿಸಿ ಬಂದು, ಅವರಿಗೆಂದು ಬೇರೆ ಪಾತ್ರೆಯಲ್ಲಿ ಅನ್ನ, ತೊವ್ವೆ ಮಾಡಿ ಯತಿರಾಜರನ್ನು ಕರೆದೆ. ಶೇವ್ ಆಗಿತ್ತು, ಶರ್ಟಿಗೆ ಇಸ್ತ್ರಿ ಬಿದ್ದಿತ್ತು, ಕಣ್ಣು ಮಾತ್ರ ಒಳಗೆ ಹೋಗಿತ್ತು. ಎರಡು ತುತ್ತಿಗೆ ಕೈ ನಿಂತಿತು.

"ಜಾಹ್ನವಿಯ ಟಿಕೆಟ್ ಆಯ್ತಾ?" ಎಂದೆ.

"ಅವಳೇನೂ ಹೇಳಿಲ್ಲ."

"ನೀವು ಕೇಳಿದ್ರಾ?"

"ಒತ್ತಾಯ ಮಾಡಬಾರದು ಅಂತ..."

"ಎಂತ ಒತ್ತಾಯ ಮಾರಾಯ್ರೆ! ಬಾ ಅನ್ನುದು ಒತ್ತಾಯವಾ? ಅವಳು ನಿಮಗೆ ಬೇಕಾ ಬೇಡ್ವಾ ಅಂತ ಆ ಹುಡುಗಿಗೇ ಗೊತ್ತಿಲ್ಲ. ಯಲ್ಲಾ, ಬೇಗ, ಈಗ ಮಾಡಿ ಫೋನ್."

ಬಲಗೈಯಲ್ಲಿ ಅನ್ನ ಮೆತ್ತಿತ್ತು. ಎಡಗೈಯಲ್ಲಿ ನಂಬರ್ ಒತ್ತಿ ಸ್ಪೀಕರಿಗೆ ಹಾಕಿ ಮೇಜಿನ ಮೇಲಿಟ್ಟರು. ನಾನು ಎದ್ದು ಹೋಗಬೇಕಿತ್ತು, ಆದರೆ ಅವರು ನನ್ನನ್ನು ನೋಡಿದ ರೀತಿಗೆ ಕೂತೇ ಇದ್ದೆ. ಆ ಕಡೆಯಿಂದ ಮಕ್ಕಳ ಗಲಾಟೆ, ನೀರಿನ ಸದ್ದು. "ಕಾಲು ಬಡಿ, ಕಾಲು ಬಡಿ!" ಎಂದು ಯಾವುದೋ ಮಗುವನ್ನು ಗದರಿದ ಗಟ್ಟಿ ದನಿ, "ಹಲೋ, ಹೇಳಿ," ಎನ್ನುವಾಗ ತಟ್ಟನೆ ಸಣ್ಣದಾಯಿತು. ಆ ಇಳಿತ ಯತಿರಾಜ್‌ಗೂ ಕೇಳಿಸಿತು. ಅವರ ಮುಖ ನೋಡಲಾಗಲಿಲ್ಲ.

ಮೊದಲು ಪ್ಲಾಂಟಿನ ಸುದ್ದಿ ಹೇಳಿದರು. ಆಮೇಲೆ ಸೆಕೆಯ ಸುದ್ದಿ.

"ಮತ್ತೆ?" ಎಂದರು ಜಾಹ್ನವಿ.

"ಮತ್ತೇನಿಲ್ಲ."

ನಾನು ಮೇಜಿನ ಕೆಳಗಿಂದ ಒದ್ದೆ.

"ಜಾನು, ನನಗೆ ಭಯ ಆಗ್ತಿದೆ," ಎಂದರು ಯತಿರಾಜ್. "ಸಂಜೆ ಮನೆ ಬೀಗ ತೆಗೆಯೋಕೇ ಭಯ ಆಗುತ್ತೆ. ಅಲ್ಲೂ ಹೀಗೇ ಆಗ್ತಿತ್ತು. ಎಲ್ಲರಿಗೂ ಆಗ್ತಿತ್ತು ಅನ್ಸುತ್ತೆ. ಯಾರೂ ಬಾಯಿ ಬಿಡಲಿಲ್ಲ, ನಾನೂ ಬಿಡಲಿಲ್ಲ."

ಮಕ್ಕಳ ಗಲಾಟೆ ದೂರವಾಯಿತು. ಜಾಹ್ನವಿ ಎಲ್ಲೋ ಪಕ್ಕಕ್ಕೆ ಹೋಗಿರಬೇಕು.

"ಮೂರು ವರ್ಷ ಆ ಮನೇಲಿ ನಾನೂ ಹೆದರ್ಕೊಂಡೇ ಇದ್ದೆ," ಎಂದರು. "ನಿಮಗೇನೂ ಆಗ್ತಿಲ್ಲವಲ್ಲ, ನನ್ನಲ್ಲೇ ಏನೋ ದೋಷ ಇದೆ ಅಂದ್ಕೊಂಡಿದ್ದೆ."

"ಬಾ ಜಾನು. ಇವತ್ತೇ ಟಿಕೆಟ್ ಮಾಡ್ತೀನಿ."

"ಮಾಡಿ," ಎಂದರು ಜಾಹ್ನವಿ. "ನನಗಲ್ಲ, ನಿಮಗೆ."

ಆಗಸ್ಟ್ ತಿಂಗಳು, ಪ್ಲಾಂಟು, ಮ್ಯಾನೇಜರ್ ಎಂಬ ಮಾತುಗಳು ಈಗ ಬರುತ್ತವೆ ಎಂದು ನಾನು ಕಾದೆ. ಯಾವುದೂ ಬರಲಿಲ್ಲ. "ನಾಳೆ ಬರ್ಲಾ?" ಎಂದು ಕೇಳಿದರು ಯತಿರಾಜ್, ಮತ್ತು ಉತ್ತರ ಬರುವ ತನಕ ಉಸಿರಾಡಲಿಲ್ಲ.