ತಂತಿಯಿಲ್ಲದ ಕ್ಯಾಮೆರಾ ಮತ್ತು ಉಯ್ಯಂಬಳ್ಳಿಯ ಅಕ್ಕ

ರಾಮನಗರದ ಆಸ್ಪತ್ರೆಯೊಂದರ ಆಪರೇಷನ್ ಥಿಯೇಟರಿನಲ್ಲಿ ನಾನು ನರ್ಸ್. ಎದೆಯನ್ನು ಅಗಲವಾಗಿ ಕೊಯ್ಯದೆ, ಪಕ್ಕೆಲುಬುಗಳ ನಡುವೆ ಸಣ್ಣ ತೂತು ಮಾಡಿ, ಒಳಗಿನ ಚಿತ್ರವನ್ನು ಪರದೆಯಲ್ಲಿ ನೋಡುತ್ತಾ ಮಾಡುವ ಶಸ್ತ್ರಚಿಕಿತ್ಸೆಗಳಲ್ಲಿ ಕ್ಯಾಮೆರಾ ಹಿಡಿಯುವುದು ನನ್ನ ಕೆಲಸ. ಹಳೆಯ ಕ್ಯಾಮೆರಾಕ್ಕೆ ಚಿತ್ರಕ್ಕೊಂದು, ಬೆಳಕಿಗೊಂದು ಕೇಬಲ್ ಇತ್ತು. ಎರಡೂ ಡಾಕ್ಟರ ಮೊಣಕೈಗೆ ತೊಡರಿಕೊಳ್ಳುತ್ತಿದ್ದವು. ಬಿಡಿಸಿ ಬಿಡಿಸಿ ನನಗೆ ಸಾಕಾಗಿತ್ತು. ಹಾಗಾಗಿ ಬ್ಯಾಟರಿಯಲ್ಲಿ ನಡೆಯುವ ವೈರ್‌ಲೆಸ್ ಕ್ಯಾಮೆರಾ ಬಂದಾಗ ಎಲ್ಲರಿಗಿಂತ ಹೆಚ್ಚು ಖುಷಿಪಟ್ಟವಳು ನಾನೇ.

ಮೊದಲು ಅದನ್ನು ಬಳಸಿದ್ದು ಉಯ್ಯಂಬಳ್ಳಿಯ ಒಬ್ಬ ಹೆಂಗಸಿಗೆ. ಶಾಲೆಯಲ್ಲಿ ಬಿಸಿಯೂಟ ಬೇಯಿಸುವವರು. ನ್ಯುಮೋನಿಯಾ ಬಂದು, ಶ್ವಾಸಕೋಶದ ಸುತ್ತ ಕೀವು ಕಟ್ಟಿಕೊಂಡಿತ್ತು. ಸಾಂಬಾರಿನ ಪಾತ್ರೆ ಇಳಿಸುವುದಿರಲಿ, ನಾಲ್ಕು ಹೆಜ್ಜೆ ನಡೆದರೆ ಏದುಸಿರು. ಗಾಯ ದೊಡ್ಡದಾದರೆ ಮತ್ತೆ ಪಾತ್ರೆ ಎತ್ತಲಾಗದೇನೋ ಎಂದು ಬಂದಾಗಿನಿಂದ ಕೇಳುತ್ತಿದ್ದರು. ಸಣ್ಣ ತೂತು ಸಾಕು ಎಂದ ಮೇಲೆ ಆ ಚಿಂತೆ ಹೋಯಿತು, ಇನ್ನೊಂದು ಹತ್ತಿಕೊಂಡಿತು.

ಹಿಂದಿನ ದಿನ ನಾನು ವಾರ್ಡಿಗೆ ಹೋದಾಗ ಮೆಲ್ಲಗೆ ಕೇಳಿದರು. “ವೈರೇ ಇಲ್ವಂತಲ್ಲ ಸಿಸ್ಟರಮ್ಮ. ಒಳಗೇ ಉಳ್ಕಂಬುಟ್ರೆ ಎಂಗೆ ಎಳೀತೀರ?”

ನನಗೆ ನಗು ಬಂತು, ಆದರೆ ನಗಲಿಲ್ಲ. ಶುದ್ಧೀಕರಣಕ್ಕೆ ಕಳಿಸಬೇಕಿದ್ದ ಕ್ಯಾಮೆರಾವನ್ನೇ ತಂದು ತೋರಿಸಿದೆ. ಒಳಗೆ ಹೋಗುವುದು ಈ ತೆಳ್ಳನೆಯ ಕೋಲಿನ ತುದಿ ಮಾತ್ರ, ಬ್ಯಾಟರಿ ಇರುವ ಈ ದಪ್ಪ ಭಾಗ ಪೂರ್ತಿ ಹೊರಗೆ ನನ್ನ ಕೈಯಲ್ಲೇ ಇರುತ್ತದೆ ಎಂದೆ. ಕೈಗೆ ತೆಗೆದುಕೊಂಡು ತೂಗಿ ನೋಡಿ, “ನಮ್ ಸೌಟೇ ಇದ್ಕಿಂತ ಭಾರ ಐತೆ” ಎಂದು ವಾಪಸು ಕೊಟ್ಟರು.

ಮರುದಿನ ಬೆಳಿಗ್ಗೆ ಶಸ್ತ್ರಚಿಕಿತ್ಸೆ. ಕೈಗೆ ಯಾವ ಎಳೆತವೂ ಇಲ್ಲದೆ ಕ್ಯಾಮೆರಾ ಬೇಕಾದ ಕಡೆ ತಿರುಗುತ್ತಿತ್ತು. ಡಾಕ್ಟರು ಕೀವನ್ನು ಹೀರಿ ತೆಗೆದು, ಶ್ವಾಸಕೋಶಕ್ಕೆ ಅಂಟಿದ್ದ ಪೊರೆಯನ್ನು ಬಿಡಿಸತೊಡಗಿದರು. ಆಗ ಪರದೆಯ ಮೂಲೆಯಲ್ಲಿ ಬ್ಯಾಟರಿಯ ಗುರುತು ಕೆಂಪಾಯಿತು. ಡಾಕ್ಟರು ಕೈ ತಡೆದು, ಉಪಕರಣಗಳನ್ನು ಹೊರಗೆಳೆದುಕೊಂಡರು. ನಾನೂ ಕೋಲನ್ನು ಈಚೆ ತೆಗೆದು, ಸಿದ್ಧವಿಟ್ಟಿದ್ದ ಇನ್ನೊಂದು ಬ್ಯಾಟರಿ ಹಾಕಿದೆ. ಪರದೆ ಕಪ್ಪಾಗಿಯೇ ಇತ್ತು. ಹಳೆಯ ಕೇಬಲ್ ಕ್ಯಾಮೆರಾ ಪಕ್ಕದಲ್ಲೇ ಇದೆ ಎಂದು ಗೊತ್ತಿದ್ದರೂ ಬ್ಯಾಟರಿಯನ್ನು ಇನ್ನೊಮ್ಮೆ ಒತ್ತಿ ನೋಡಿದೆ. ಆಮೇಲೆ ಚಿತ್ರ ಬಂತು, ಮೊದಲಿನಷ್ಟೇ ನಿಚ್ಚಳವಾಗಿ.

ಕೊನೆಗೆ ಅರಿವಳಿಕೆಯ ಡಾಕ್ಟರು ಗಾಳಿ ತುಂಬಿದಾಗ, ಮುದುಡಿಕೊಂಡಿದ್ದ ಶ್ವಾಸಕೋಶ ನಿಧಾನವಾಗಿ ಅರಳಿ ಎದೆಗೂಡನ್ನು ತುಂಬಿಕೊಂಡಿತು. ಎಷ್ಟು ಸಲ ನೋಡಿದರೂ ನನಗೆ ಸಾಲದ ನೋಟ ಅದು.

ಮನೆಗೆ ಹೊರಡುವ ದಿನ ಆಕೆ ತಮ್ಮ ಎದೆಯೊಳಗನ್ನು ನೋಡಬೇಕೆಂದರು. ಡಾಕ್ಟರು ವಿಡಿಯೋ ತೋರಿಸಿ, ಮಗಳ ಫೋನಿಗೂ ಹಾಕಿಕೊಟ್ಟರು. ಮತ್ತೆ ತಪಾಸಣೆಗೆ ಬಂದಾಗ ಎರಡೂ ಕೈಗಳನ್ನು ತಲೆಯ ಮೇಲೆ ಎತ್ತಿ ತೋರಿಸಿದರು. ನೋವಿದೆಯೇ ಎಂದು ಕೇಳಿದೆ.

“ಒಸಿ ಚುಳುಕ್ ಅಂತದೆ, ಅಷ್ಟೇಯ. ಆದ್ರೆ ನಮ್ಮೂರೋರೆಲ್ಲ ನನ್ನೆದೆ ಒಳಕ್ಕೇ ಇಣುಕ್‌ಬುಟ್ರು ಕಣವ್ವ. ನನ್ ಗಂಡನೂ ನೋಡ್ದ. ಇಷ್ಟು ವರ್ಸದಾಗೆ ಇವತ್ತೇ ನಿನ್ ಮನ್ಸು ಕಂಡಿದ್ದು ಅಂತಾನೆ.”

ಪಕ್ಕದಲ್ಲಿ ನಿಂತಿದ್ದ ಗಂಡ ನಾಚಿ ಕಿಟಕಿಯ ಕಡೆ ಮುಖ ತಿರುಗಿಸಿದರು.