ಹಗ್ಗದ ಹಿಂದಿನರ್ಧ

ಸೂರ್ಯನ ಮೇಲೆ ಕಣ್ಣಿಟ್ಟಿರುವ ಆ ಕಚೇರಿಯಲ್ಲಿ ಎಲ್ಲರೂ ಅವಳನ್ನು ಹಗ್ಗದಕ್ಕ ಎಂದೇ ಕರೆಯುತ್ತಿದ್ದರು. ಅವಳ ಅಪ್ಪ ಹಗ್ಗ ಹೊಸೆಯುತ್ತಿದ್ದವನು. ಹುರಿ ಎಡಕ್ಕೋ ಬಲಕ್ಕೋ ಎಂಬುದನ್ನು ಅವಳು ಚಿಕ್ಕಂದಿನಲ್ಲೇ ಕಣ್ಣುಮುಚ್ಚಿ ಬೆರಳಿಂದ ಹೇಳುತ್ತಿದ್ದಳು. ಸೂರ್ಯನ ಫೋಟೊಗಳಿಗೆ ತಾರೀಖಿನ ಚೀಟಿ ಅಂಟಿಸಲು ಸೇರಿದವಳು ಇಪ್ಪತ್ತೆರಡು ವರ್ಷಗಳಲ್ಲಿ ಗ್ರಾಫ್ ಓದುವುದರಲ್ಲಿ ಎತ್ತಿದ ಕೈಯಾದಳು. ಸೂರ್ಯ ಸಿಡಿದಾಗ ಹೊರಡುವ ಬಿಸಿ ಮೋಡ ತನ್ನ ಕಾಂತಕ್ಷೇತ್ರವನ್ನು ಹಗ್ಗದಂತೆ ಹೊಸೆದುಕೊಂಡೇ ಬರುತ್ತದೆ ಎಂದು ಮೊದಲ ಸಲ ಕೇಳಿದಾಗ, "ಓ, ಇದು ನಮ್ಮನೆ ಕಸುಬು!" ಎಂದು ನಕ್ಕಿದ್ದಳು.

ಆ ಬೆಳಿಗ್ಗೆ ಅಂಥದ್ದೊಂದು ಮೋಡ ಭೂಮಿಯನ್ನು ಮುಟ್ಟಿತ್ತು. ಇವರ ಕಚೇರಿ ಕೊಟ್ಟ ಎಚ್ಚರಿಕೆ ಕೇಳಿ ವಿದ್ಯುತ್ ಕಚೇರಿಯವರು ಟ್ರಾನ್ಸ್‌ಫಾರ್ಮರ್‌ಗಳ ಹೊರೆ ಇಳಿಸಿದ್ದರು, ಕಾರ್ಖಾನೆಗಳು ನಿಂತಿದ್ದವು. ಮಧ್ಯಾಹ್ನವಾದರೂ ಮೋಡದ ಕಾಂತಕ್ಷೇತ್ರ ಉತ್ತರಕ್ಕೇ ಮುಖ ಮಾಡಿತ್ತು. ಅದು ದಕ್ಷಿಣಕ್ಕೆ ತಿರುಗಿದರೆ ಮಾತ್ರ ಭೂಮಿಯ ಕಾಂತಕವಚ ಬಿರುಕು ಬಿಟ್ಟು ವಿದ್ಯುತ್ ಜಾಲಕ್ಕೆ ಹೊಡೆತ ಬೀಳುವುದು.

"ಎಚ್ಚರಿಕೆ ವಾಪಸ್ ತಗೊಳ್ಳೋಣ ಅಕ್ಕ," ಎಂದರು ಮುಖ್ಯಸ್ಥರು. "ಕರೆಂಟಿನವರು ಫೋನಲ್ಲೇ ತಲೆ ತಿಂತಿದಾರೆ."

"ಇನ್ನೂ ಅರ್ಧ ಹಗ್ಗ ಬಾಕಿ ಇದೆ ಸರ್. ಹೋದ ಸಲ ಮೊದಲರ್ಧ ನೋಡಿ ಆರಾಮಾಗಿ ಊಟಕ್ಕೆ ಹೋದ್ವಿ. ಕೈ ತೊಳೆಯೋಷ್ಟರಲ್ಲಿ ಕರೆಂಟು ಹೋಗಿ ಆಸ್ಪತ್ರೆ ಕತ್ತಲಾಗಿತ್ತು."

ಅವಳು ನೋಟ್‌ಬುಕ್ ತಿರುಗಿಸಿ ತೋರಿಸಿದಳು. "ಸಿಡಿದ ಜಾಗದಲ್ಲಿ ಹುರಿ ಹೀಗಿತ್ತು. ಹಾಗಾದ್ರೆ ಹಿಂದಿನರ್ಧ ದಕ್ಷಿಣಕ್ಕೇ ತಿರುಗ್ಬೇಕು. ಇದರ ಮಾರನೇ ದಿನ ಸಿಡಿದ ಇನ್ನೊಂದು ಮೋಡ ಇದಕ್ಕಿಂತ ವೇಗವಾಗಿ ಬಂದು ಇದರ ಬೆನ್ನು ಒತ್ತುತ್ತಿದೆ. ಒತ್ತಿದಷ್ಟೂ ಬಿಗಿ, ಬಿಗಿಯಾದಷ್ಟೂ ಜೋರು."

"ದಾರೀಲಿ ಮಗ್ಗುಲು ಬದಲಾಯಿಸಿದ್ರೆ?"

"ಆಗ ನನ್ನ ಲೆಕ್ಕ ತಪ್ಪು. ಬರೆದು ಸಹಿ ಹಾಕ್ಕೊಡ್ತೀನಿ."

"ತಪ್ಪಿದ್ರೆ ನಾಳೆಯಿಂದ ಇಬ್ಬರೂ ಚೀಟಿ ಅಂಟಿಸ್ತಾ ಕೂರಬೇಕು, ನೆನಪಿರಲಿ."

"ನಿಮಗೆ ಅಂಟಿಸೋದು ಕಲಿಸ್ತೀನಿ ಬಿಡಿ."

ಅವಳು ಸಹಿ ಹಾಕಿದಳು. ಎಚ್ಚರಿಕೆ ಉಳಿಯಿತು. ಎರಡು ಗಂಟೆಯಾದರೂ ಗ್ರಾಫಿನ ಗೆರೆ ಅಲುಗಲಿಲ್ಲ. ಫೋನು ನಾಲ್ಕು ಸಲ ಬಡಿದುಕೊಂಡಿತು. ಮೂರಕ್ಕೆ ಹತ್ತು ನಿಮಿಷವಿದ್ದಾಗ ಗೆರೆ ಮೆಲ್ಲಗೆ ಬಾಗಿತು, ಸೊನ್ನೆ ದಾಟಿ ದಕ್ಷಿಣಕ್ಕೆ ಹೊರಳಿತು, ಆಮೇಲೆ ಕಾಲು ಜಾರಿದಂತೆ ಕೆಳಗಿಳಿಯಿತು.

ಮತ್ತೆ ಫೋನು. ಬೆಳಿಗ್ಗೆಯಿಂದ ಕೂಗಾಡುತ್ತಿದ್ದ ವಿದ್ಯುತ್ ಇಂಜಿನಿಯರರ ದನಿ ಈಗ ತಗ್ಗಿತ್ತು. "ಟ್ರಾನ್ಸ್‌ಫಾರ್ಮರ್ ಗುಂಯ್ ಅಂತಿದೆ ಅಕ್ಕ. ಹೊರೆ ಕಮ್ಮಿ ಇದೆ, ತಡ್ಕೊಂಡಿದೆ. ಇನ್ನೆಷ್ಟು ಹೊತ್ತು?"

ಅವಳು ಗೆರೆಯ ಮುಂದಿನ ಖಾಲಿ ಜಾಗವನ್ನು ಬೆರಳಲ್ಲಿ ಅಳೆದಳು.

"ಇನ್ನೂ ಆರು ಗಂಟೆ ಹೊತ್ತು. ಅಲ್ಲೀವರೆಗೂ ಯಾರೂ ಸ್ವಿಚ್ ಮುಟ್ಟಬೇಡಿ."

ಮುಖ್ಯಸ್ಥರು ಕುರ್ಚಿ ಎಳೆದುಕೊಂಡು ಅವಳ ಪಕ್ಕ ಕೂತರು.