ಗುರುಮಲ್ಲಪ್ಪ ಹಿಡಿದ ಬಾಗಿದ ಬೆಳಕು

ಅಜ್ಜೀಪುರದಲ್ಲಿ ಅರಿಸಿನ ಬೆಳೆಯುತ್ತಿದ್ದ ನನ್ನ ಗೆಳೆಯ ಗುರುಮಲ್ಲಪ್ಪ ಕಳೆದ ತಿಂಗಳು ತೀರಿಕೊಂಡ. ಅವನಿಗೆ ಒಂದು ಫೋಟೊ ಬೇಕಿತ್ತು. ಬಲು ದೂರದ ಗ್ಯಾಲಕ್ಸಿಯ ಬೆಳಕು, ದಾರಿಯಲ್ಲಿರುವ ಗ್ಯಾಲಕ್ಸಿಗಳ ಗುಂಪಿನ ಸೆಳೆತಕ್ಕೆ ಬಾಗಿ, ಬಿಲ್ಲಿನಂತೆ ಕಾಣುತ್ತದೆ. ಅದನ್ನು ತಾರಸಿಯ ಮೇಲಿನ ತನ್ನ ಟೆಲಿಸ್ಕೋಪಿನಲ್ಲಿ ಹಿಡಿಯಬೇಕೆಂದಿದ್ದ.

ಅದಕ್ಕೆ ಚಂದ್ರನಿಲ್ಲದ ಕತ್ತಲು ಬೇಕು. ಆದರೆ ಅಮಾವಾಸ್ಯೆಗೇ ಮಾದಪ್ಪನ ಬೆಟ್ಟಕ್ಕೆ ನಡೆದು ಹೋಗುವವರು ಅವನ ಮನೆ ಮುಂದೆ ಹಾಯುತ್ತಾರೆ. ಅವರಿಗೆ ಜಗಲಿಯಲ್ಲಿ ದೀಪ ಹಾಕಿ ನೀರು ಕೊಡುವುದು ಆ ಮನೆಯ ನಡವಳಿಕೆ. ಗುಂಪು ಬಂದಾಗ ಕ್ಯಾಮೆರಾ ನಿಲ್ಲಿಸಿ ಇಳಿದು ಬರುತ್ತಿದ್ದ. ಅವರು ಹೋದಮೇಲೆ ದೀಪ ಆರಿಸಿ ಮತ್ತೆ ಹತ್ತುತ್ತಿದ್ದ.

“ಒಂದಿನ ಲೈಟ್ ಆಕ್ಬೇಡ ಕಣ್ಲಾ,” ಎಂದಿದ್ದೆ.

“ಬೆಟ್ಟಕ್ ಓಗೋರು ಎಡವ್ಲಿ ಅಂತೀಯಾ? ಆ ಬೆಳ್ಕು ಎಲ್ಲೂ ಓಗಕಿಲ್ಲ, ಸುಮ್ಕಿರ್ಲಾ.”

ತೆಗೆದದ್ದು ಸಾಲದು, ಇನ್ನೊಂದು ಅಮಾವಾಸ್ಯೆ ಆಗಲಿ ಎನ್ನುತ್ತಲೇ ಇದ್ದ. ವರ್ಷಗಟ್ಟಲೆ ಬಿಡುವು ಸಿಕ್ಕಾಗಲೆಲ್ಲ ತೆಗೆದ ಆ ಫೋಟೊಗಳನ್ನೆಲ್ಲ, ಮಸುಕು ಬೆಳಕು ಒಟ್ಟುಗೂಡಿ ಕಾಣಲೆಂದು, ಮೊನ್ನೆ ಅವನ ಕಂಪ್ಯೂಟರಿನಲ್ಲಿ ನಾನೇ ಒಂದರ ಮೇಲೊಂದು ಕೂಡಿಸಿದೆ. ಕೂದಲೆಳೆಯಷ್ಟು ಸಣ್ಣ ಗೆರೆಯೊಂದು ಮಸುಕಾಗಿ, ಬಾಗಿ ಕಂಡಿತು. ಅವನ ಹೆಂಡತಿ ರತ್ನಮ್ಮನವರನ್ನು ಕರೆದು ತೋರಿಸಿದೆ.

“ಇಷ್ಟೇಯಾ ಅಣ್ಣ? ಇದ್ಕಾ ಆಪಾಟಿ ಮೆಟ್ಲು ಅತ್ತಿ ಇಳೀತಿದ್ದುದು?” ಎಂದು ನಕ್ಕರು. ಆಮೇಲೆ ಸೆರಗಿನಿಂದ ಪರದೆಯ ದೂಳು ಒರೆಸಿ, ಕುರ್ಚಿ ಎಳೆದುಕೊಂಡು ನೋಡುತ್ತಾ ಕೂತರು.